ಮದುಮಗನ ಕೈಯ ಚಾಕು

ನಾರಾಯಣಖೇಡದ ದನದ ದವಾಖಾನೆಯ ಕಂಪೌಂಡರ್ ಆತ್ಮಾರಾಮನ ಮನೆಯಲ್ಲಿ ಮಡಚುವ ಚಾಕುಗಳು ಒಂದು ಟ್ರಂಕಿನ ತುಂಬ ಇದ್ದವು. ಆದರೆ ಬದನೆಕಾಯಿ ಹೆಚ್ಚುವುದಕ್ಕೆ ಒಂದೂ ಇರಲಿಲ್ಲ. ಹೆಂಡತಿ ದ್ರೌಪದಿ ಇಳಿಗೆಯ ಮುಂದೆ ಕೂತಾಗಲೆಲ್ಲ ಈ ಮಾತು ಎತ್ತದೆ ಏಳುತ್ತಿರಲಿಲ್ಲ.

"ಊರಾಗಿನ ಚಾಕೆಲ್ಲ ನಮ್ಮ ಮನ್ಯಾಗ ಅವ. ನನ್ನ ಕೈಗಿ ಮಾತ್ರ ನಮ್ಮವ್ವ ಕೊಟ್ಟ ಇಳಗಿನೇ ಗತಿ" ಎನ್ನುತ್ತಿದ್ದಳು.

"ಅವು ಹೆಚ್ಚೂ ಚಾಕು ಅಲ್ಲ ಬೇ, ನೋಡೂ ಚಾಕು" ಎನ್ನುತ್ತಿದ್ದ ಆತ್ಮಾರಾಮ. ನೋಡುವ ಚಾಕುವಂತೆ! ಕೇಳಿದವರು ನಗದೆ ಇನ್ನೇನು ಮಾಡಬೇಕು ಹೇಳಿ.

ಈ ಹುಚ್ಚು ಅವನಿಗೆ ಹತ್ತಿದ್ದು ಕೆಲಸದಿಂದಲೇ. ಎತ್ತಿಗೆ ಔಷಧ ಕುಡಿಸಲು, ಎಮ್ಮೆಗೆ ಸೂಜಿ ಹಾಕಲು ಊರೂರು ತಿರುಗುವ ಮನುಷ್ಯ. ರೈತನೆಂದಮೇಲೆ ಅವನ ಜೇಬಿನಲ್ಲೋ ನಡುವಿನ ಚೀಲದಲ್ಲೋ ಒಂದು ಚಾಕು ಇದ್ದೇ ಇರುತ್ತದೆ. ಹಗ್ಗ ಕೊಯ್ಯುವುದಕ್ಕೂ ಅದೇ, ಕಬ್ಬು ಸೀಳುವುದಕ್ಕೂ ಅದೇ, ಕಾಲಿನ ಮುಳ್ಳು ತೆಗೆಯುವುದಕ್ಕೂ ಅದೇ. ರೈತ ಹಗ್ಗ ಕೊಯ್ದು ಚಾಕು ಮಡಚುವ ಹೊತ್ತಿಗೆ ಆತ್ಮಾರಾಮನ ಕಣ್ಣು ಎತ್ತಿನಿಂದ ಜಾರಿ ಚಾಕುವಿನ ಮೇಲೆ ಬಿದ್ದಿರುತ್ತಿತ್ತು. ಎತ್ತಿನ ಹೊಟ್ಟೆಯುಬ್ಬರ ಇಳಿದರೂ ಇವನು ಮಾತ್ರ ಎದ್ದು ಹೋಗುತ್ತಿರಲಿಲ್ಲ. ಬಶೀರಾಬಾದಿನ ಕುರುಬನೊಬ್ಬನಿಂದ ಟಗರುಕೊಂಬಿನ ಹಿಡಿಯದು ಬಂತು. ದೌಲತಾಬಾದಿನ ಮುದುಕನೊಬ್ಬ ಹಿತ್ತಾಳೆಯ ಹಿಡಿಯ ಪುಟ್ಟ ಚಾಕುವನ್ನು, "ನನ್ನ ಎಮ್ಮಿ ಉಳಿಸೀರಿ, ಇದನ್ನರ ತಗೊಂಡು ಮನಿಗಿ ನಡೀರಿ" ಎಂದು ಕೈಮುಗಿದು ಕೊಟ್ಟಿದ್ದ.

ಮನೆಯಲ್ಲಿ ಇವನ ಹುಚ್ಚಿಗೆ ಜೊತೆಯಾದವಳು ಮಗಳು ಶಾಮಲಾ ಒಬ್ಬಳೇ. ಸೂಟಿಯ ದಿನ ಅಪ್ಪ ಮಗಳು ಪಡಸಾಲೆಯಲ್ಲಿ ಹಳೆಯ ಧೋತ್ರ ಹಾಸಿ, ಟ್ರಂಕು ತೆಗೆದು, ಕುಸುಬಿ ಎಣ್ಣೆಯ ಬಟ್ಟೆಯಿಂದ ಒಂದೊಂದೇ ಚಾಕು ಒರೆಸುತ್ತ ಕೂಡುತ್ತಿದ್ದರು. ಅಲಗನ್ನು ಹಿಡಿದು ನಿಲ್ಲಿಸುವ ಕಮಾನಿಯ ಸದ್ದು ಕೇಳಿಯೇ ಅದು ಯಾವ ಊರಿನ ಚಾಕು ಎಂದು ಶಾಮಲಾ ಹೇಳುತ್ತಿದ್ದಳು. ಒಮ್ಮೊಮ್ಮೆ ಅಪ್ಪನ ತಪ್ಪನ್ನೂ ತಿದ್ದುತ್ತಿದ್ದಳು. "ಹೆಣ್ಣುಮಗಳಿಗಿ ಕಸೂತಿ ಕಲಸೂದು ಬಿಟ್ಟು ಇದೇನು ಕಲಸ್ತೀರಿ?" ಎಂದು ದ್ರೌಪದಿ ಗೊಣಗಿದರೆ ಇಬ್ಬರೂ ಕಿವುಡರಾಗುತ್ತಿದ್ದರು.

ಅಷ್ಟು ಚಾಕುಗಳಲ್ಲಿ ಒಂದನ್ನು ಮಾತ್ರ ಒರೆಸಲು ಆತ್ಮಾರಾಮ ಮಗಳಿಗೂ ಬಿಡುತ್ತಿರಲಿಲ್ಲ. ಅದು ತಾಂಡೂರಿನ ಕಮ್ಮಾರ ಮೋನಪ್ಪ ಮಾಡಿದ್ದು. ಆತ್ಮಾರಾಮನಿಗೆ ತಾಂಡೂರಿನಲ್ಲಿ ನೌಕರಿ ಇದ್ದಾಗ ದಿನಾ ಸಂಜೆ ಕುಲುಮೆಯ ಮುಂದೆ ಕೂತು, ಮೋನಪ್ಪನ ತಲೆ ತಿಂದು ಮಾಡಿಸಿಕೊಂಡದ್ದು. ಎಮ್ಮೆಕೊಂಬಿನ ಕರೀ ಹಿಡಿ. ಹಿಡಿಗೆ ಬಡಿದ ಹಿತ್ತಾಳೆಯ ಮೊಳೆಯ ಮೇಲೆ ಉಗುರು ಎಳೆದರೆ ಎಲ್ಲಿ ಕೊಂಬು ಮುಗಿಯಿತು, ಎಲ್ಲಿ ಹಿತ್ತಾಳೆ ಶುರುವಾಯಿತು ತಿಳಿಯುವಂತಿಲ್ಲ. ಬಿದಿರೆಲೆಯಂಥ ಅಲಗು. ತೆರೆದರೆ ಕಮಾನಿ 'ಖಟಕ್' ಎಂದು ಕೂತುಬಿಡುವುದು, ಆಮೇಲೆ ಹೆಬ್ಬೆರಳಿನಿಂದ ಒತ್ತಿ ಬಿಡಿಸದೆ ಯಾರಪ್ಪ ಬಂದರೂ ಮುಚ್ಚುವುದಿಲ್ಲ. ಮೋನಪ್ಪ ತೀರಿಕೊಂಡ ಮೇಲೆ ಮಕ್ಕಳು ಬಂಡೆಯ ಗಣಿ ಸೇರಿದರು, ಕುಲುಮೆ ಆರಿತು. ಇಂಥದು ಇನ್ನೊಂದು ಹುಟ್ಟುವುದಿಲ್ಲ ಎಂಬುದು ಆತ್ಮಾರಾಮನಿಗೆ ಗೊತ್ತಿತ್ತು. ಆ ಅಲಗಿಗೆ ಅವನು ಒಂದು ಉಳ್ಳಾಗಡ್ಡಿಯ ವಾಸನೆಯನ್ನೂ ತೋರಿಸಿರಲಿಲ್ಲ.

ಹೀಗಿರುವಾಗ ಕಂಗ್ಟಿಯಿಂದ ಶಿವರಾಯ ತನ್ನ ಮಗ ದಶರಥನಿಗೆ ಹೆಣ್ಣು ನೋಡಲು ಬಂದ. ಚೂಡಾ ತಿಂದರು, ಚಹಾ ಕುಡಿದರು, ಶಾಮಲಾಳನ್ನು ನೋಡಿ ಎಲ್ಲರೂ ಒಪ್ಪಿದರು. ಅಲ್ಲಿಗೆ ಸುಮ್ಮನಿರಬಾರದೇ ಆತ್ಮಾರಾಮ? ಇಲ್ಲ. ಖುಷಿ ತಲೆಗೇರಿ ಟ್ರಂಕು ತೆಗೆದ. ಶಿವರಾಯ ಎಲ್ಲ ಚಾಕುಗಳನ್ನು ಸರಿಸಿ, ನೇರ ಹೋಗಿ ಮೋನಪ್ಪನದಕ್ಕೇ ಕೈಹಾಕಿದ. ತೆರೆದ, ಖಟಕ್ ಅನ್ನಿಸಿದ, ಮುಚ್ಚಿದ, ಮತ್ತೆ ತೆರೆದ. "ಭಾರೀ ಮಾಲು ಅದರೀ ಇದು" ಎಂದವನು ಕೆಳಗಿಡಲೇ ಇಲ್ಲ. ಬೀಗನಾಗುವವನ ಕಣ್ಣು ಒಂದು ವಸ್ತುವಿನ ಮೇಲೆ ಬಿತ್ತೆಂದರೆ "ತಗೋರಿ" ಎನ್ನುವುದು ಮರ್ಯಾದೆ.

"ಕೊಡ್ತಿದ್ದೆರಿ," ಎಂದ ಆತ್ಮಾರಾಮ, "ಆದ್ರ ಬೀಗರಿಗಿ ಚಾಕು ಕೊಡಬಾರದು. ಸಂಬಂಧ ಕಡೀತದ ಅಂತ ಹಿರೇರು ಹೇಳ್ಯಾರ."

"ಅದೂ ಖರೇನೆ" ಎಂದು ಶಿವರಾಯ ಚಾಕು ಇಟ್ಟ. ಬಾಗಿಲ ಮರೆಯಲ್ಲಿ ಶಾಮಲಾ ಸೆರಗು ಬಾಯಿಗೊತ್ತಿಕೊಂಡು ನಗುತ್ತಿದ್ದಳು. ಬದುಕಿದೆಯಾ ಬಡಜೀವವೇ ಎಂದುಕೊಂಡ ಆತ್ಮಾರಾಮ.

ಆದರೆ ಶಿವರಾಯ ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವವನು. ಮದುವೆಗೆ ದಿನ ಗೊತ್ತು ಮಾಡಲು ಬಂದವನು ನಗುನಗುತ್ತಲೇ ಹೇಳಿದ: "ಬೀಗರ, ನೀವು ಚಾಕು ಕೊಡಬ್ಯಾಡ್ರಿ. ಅರಿಶಿಣ ಹಚ್ಚಿದ ಮ್ಯಾಲ ಮದುಮಗ ಕೈಯಾಗ ಚಾಕು ಹಿಡೀಬೇಕಲ್ಲ, ಅದಕ್ಕಷ್ಟೇ ಕೊಡ್ರಿ. ಮದವಿ ಆದ ಮ್ಯಾಲ ನಿಮ್ದು ನಿಮಗೇ ವಾಪಸ್."

ಇದಕ್ಕೆ ಏನೆನ್ನುವುದು? ಮದುಮಗನಿಗೆ ದೃಷ್ಟಿ ತಾಕಬಾರದು, ಗಾಳಿ ಸೋಕಬಾರದು ಎಂದು ಮದುವೆ ಮುಗಿಯುವ ತನಕ ಕೈಯಲ್ಲಿ ಚಾಕು ಹಿಡಿಸುವುದು ಆ ಕಡೆಯ ಪದ್ಧತಿ. ಬರೀ ಚಾಕುವಾದರೆ ಆತ್ಮಾರಾಮ ತಡೆದುಕೊಳ್ಳುತ್ತಿದ್ದ. ಆ ಚಾಕುವಿನ ತುದಿಗೆ ಒಂದು ನಿಂಬೆಹಣ್ಣು ಚುಚ್ಚಬೇಕು! ಉಕ್ಕಿಗೆ ನಿಂಬೆಯ ಹುಳಿ ಎಂದರೆ ವಿಷ. ಮೋನಪ್ಪ ಕನ್ನಡಿಯ ಹಾಗೆ ತಿಕ್ಕಿದ ಅಲಗು ಕರ್ರಗೆ ಹಂಚಾಗಿ ಬರುತ್ತದೆ. ಹೂಂ ಅಂದರೆ ಚಾಕು ಹೋಯಿತು, ಊಹೂಂ ಅಂದರೆ ಮಗಳ ಸಂಬಂಧಕ್ಕೇ ಕುತ್ತು. "ಹೂಂ" ಅಂದ.

ಅಂದವನಿಗೆ ರಾತ್ರಿ ನಿದ್ದೆ ಬರಲಿಲ್ಲ, ಬೆಳಿಗ್ಗೆ ಉಪಾಯ ಬಂತು. ಜಹೀರಾಬಾದಿನ ಸಂತೆಯಲ್ಲಿ ಕೊಂಡ ಒಂದು ಚಾಕು ಟ್ರಂಕಿನಲ್ಲಿತ್ತು. ಅದಕ್ಕೂ ಎಮ್ಮೆಕೊಂಬಿನ ಹಿಡಿ, ಅದೂ ಅಷ್ಟೇ ಉದ್ದ. ಅದನ್ನೇ ಕಂಗ್ಟಿಗೆ ಕಳಿಸುವುದು. ನಿಂಬೆಹಣ್ಣು ಚುಚ್ಚಿದ ಮೇಲೆ ಅಲಗು ಯಾರಿಗೆ ಕಾಣುತ್ತದೆ?

"ಅಪ್ಪಾ, ಅದರ ಕಮಾನಿ ಸಡಿಲ ಅದ" ಎಂದಳು ಶಾಮಲಾ.

"ಅವರೇನು ಹಗ್ಗ ಕೊಯ್ತಾರೇನು? ಹಿಡಕೊಂಡು ಕೂಡೋದಷ್ಟೇ. ಸುಮ್ಕಿರು."

"ಮೂರು ದಿನ ತೆರದೇ ಇಡಬೇಕಲ್ಲಪ್ಪಾ?"

"ಹೇಳ್ದೆಲ್ಲ, ಸುಮ್ಕಿರು ಅಂತ!"

ಚಾಕುಗಳ ನಡುವೆಯೇ ಕೂದಲು ನರೆತ ಮನುಷ್ಯ, ಮಡಚುವ ಚಾಕುವಿನ ಮೊದಲ ಗುಣವೇ ಮಡಚುವುದು ಎಂಬುದನ್ನು ಮರೆತ. ಆಸೆ ಕಣ್ಣು ಕಟ್ಟಿದರೆ ಹೀಗೇ.

ಮದುವೆಯ ದಿನ ಲಾರಿಯ ತುಂಬ ಗಂಡಿನವರು ನಾರಾಯಣಖೇಡಕ್ಕೆ ಬಂದಿಳಿದರು. ಹನುಮಂತ ದೇವರ ಗುಡಿಯಿಂದ ಹಂದರದ ತನಕ ಮೆರವಣಿಗೆ. ಕುದುರೆಯ ಮೇಲೆ ದಶರಥ, ಮುಖದ ಮೇಲೆ ಬಾಸಿಂಗ, ಕೈಯಲ್ಲಿ ಚಾಕು, ಚಾಕುವಿಗೆ ನಿಂಬೆಹಣ್ಣು. ಪಾಪದ ಹುಡುಗ! ಕಮಾನಿ ಸಡಿಲವೆಂದು ಅರಿಶಿಣದ ದಿನವೇ ಅವನಿಗೆ ಗೊತ್ತಾಗಿತ್ತು. ಮಾವನ ಚಾಕುವಿಗೆ ಹೆಸರಿಡುವುದು ಹೇಗೆಂದು, ಉಣ್ಣುವಾಗ ಮಲಗುವಾಗಲೂ ಅಲಗಿನ ಬೆನ್ನಿಗೆ ಹೆಬ್ಬೆರಳು ಒತ್ತಿ ಹಿಡಿದೇ ಇದ್ದ. ಆತ್ಮಾರಾಮ ಮುಂದೆ ನಿಂತು ಎಲ್ಲರಿಗೂ ಕೈಮುಗಿಯುತ್ತಿದ್ದ. ಅವನ ನಡುಪಟ್ಟಿಯ ಚೀಲದಲ್ಲಿ ಮೋನಪ್ಪನ ಚಾಕು ಬೆಚ್ಚಗೆ ಕೂತಿತ್ತು. ಮನೆ ತುಂಬ ಜನ, ಟ್ರಂಕನ್ನು ನಂಬುವ ಹಾಗಿರಲಿಲ್ಲವಲ್ಲ!

ಹಂದರ ಇನ್ನು ನಾಲ್ಕು ಮಾರು ಇರುವಾಗ ಹಲಗೆಯವರು ಜೋರು ಬಾರಿಸಿದರು. ಕುದುರೆ ಬೆಚ್ಚಿ ಕತ್ತು ಕೊಡವಿತು, ದಶರಥ ಹಗ್ಗ ಹಿಡಿಯಲು ಹೆಬ್ಬೆರಳು ಎತ್ತಿದ. ಅಲಗು ಪಟಕ್ಕನೆ ಮಡಚಿಕೊಂಡಿತು. ಬೆರಳು ಉಳಿದದ್ದೇ ದೊಡ್ಡದು. ನಿಂಬೆಹಣ್ಣು ಕೆಳಗೆ ಬಿದ್ದು, ಉರುಳಿ, ಕುದುರೆಯ ಕಾಲಡಿಗೆ ಸಿಕ್ಕು ಅಪ್ಪಚ್ಚಿಯಾಯಿತು.

"ಅಯ್ಯಯ್ಯಯ್ಯ!" ಎಂದರು ಹೆಂಗಸರು. ಹಲಗೆ ನಿಂತಿತು.

ದಶರಥನ ಅಜ್ಜಿ ಗುರುಲಿಂಗಮ್ಮ ಕೋಲೂರಿ ಮುಂದೆ ಬಂದಳು. ಆಕೆಯ ಮಾತಿಗೆ ಕಂಗ್ಟಿಯಲ್ಲಿ ಎದುರಿಲ್ಲ. "ಮುಚ್ಚಿದ ಚಾಕು ಹಿಡಕೊಂಡು ನನ್ನ ಮೊಮ್ಮಗ ಹಂದರದಾಗ ಕಾಲಿಡಂಗಿಲ್ಲ," ಎಂದಳು. "ಮುಚ್ಚದಂಥಾ ಚಾಕು ತರ್ರಿ. ಅಲ್ಲೀತನ ಕುದುರಿ ಇಲ್ಲೇ ನಿಂದರ್ತದ."

ಶಿವರಾಯ ಮಗನ ಕೈಯಿಂದ ಚಾಕು ತೆಗೆದುಕೊಂಡು ಆಚೆ ಈಚೆ ತಿರುವಿ ನೋಡಿದ. "ಬೀಗರ, ಅವತ್ತು ನೋಡಿದ್ದು ಇದು ಅಲ್ರಿ. ಅದು ಖಟಕ್ ಅಂತಿತ್ತು."

ಕಳ್ಳನ ಜೀವ ಹುಳ್ಳುಳ್ಳಗೆ ಎನ್ನುವ ಹಾಗೆ ಆತ್ಮಾರಾಮನ ಕೈ ತಾನಾಗಿ ನಡುಪಟ್ಟಿಗೆ ಹೋಯಿತು. ಊರಿಗೆ ಊರೇ ಆ ಕೈಯನ್ನು ನೋಡಿತು. ಒಳಗೆ ಶಾಮಲಾ ಮದುಮಗಳಾಗಿ ಕೂತಿದ್ದಾಳೆ, ಇಲ್ಲಿ ಕುದುರೆ ನಿಂತಿದೆ, ಮುಹೂರ್ತ ಸರಿಯುತ್ತಿದೆ. ಒಂದು ಚಾಕುವಿಗಾಗಿ ಮಗಳ ಮದುವೆ ಬೀದಿಯಲ್ಲಿ ನಿಲ್ಲಿಸಿದೆನಲ್ಲ ಎಂದು ಅವನಿಗೆ ನಾಚಿಕೆಯಿಂದ ನೆಲ ಬಿರಿಯಬಾರದೇ ಅನ್ನಿಸಿತು. ಚೀಲಕ್ಕೆ ಕೈಹಾಕಿ ಚಾಕು ಹೊರತೆಗೆದ. ಖಟಕ್! ಆ ನಿಶ್ಶಬ್ದದಲ್ಲಿ ಅದು ಗುಡಿಯ ತನಕ ಕೇಳಿರಬೇಕು.

"ಜ್ವಾಪಾನ ಇರ್ಲಿ ಅಂತ ನಾನೇ ಇಟ್ಕೊಂಡಿದ್ದೆರಿ" ಎಂದ.

"ಹೌದೌದು, ಭಾಳ ಜ್ವಾಪಾನ ಮಾಡೀರಿ" ಎಂದ ಶಿವರಾಯ. ಜನ ಹೋ ಎಂದು ನಕ್ಕಿತು. ದ್ರೌಪದಿ ಹಣೆ ಹಣೆ ಬಡಿದುಕೊಂಡಳು. ಯಾರೋ ಹೊಸ ನಿಂಬೆಹಣ್ಣು ತಂದರು. ಚುಚ್ಚುವಾಗ ಅಲಗಿನ ಗುಂಟ ರಸ ಹರಿದು ಹಿಡಿಯ ತನಕ ಬಂತು. ಕಣ್ಣು ಮುಚ್ಚಿಕೊಂಡು ಚುಚ್ಚಿದ ಆತ್ಮಾರಾಮ.

ಮದುವೆ ಚೆನ್ನಾಗಿಯೇ ಆಯಿತು. ಎಲ್ಲರೂ ಮದುಮಕ್ಕಳನ್ನು ನೋಡಿದರೆ ಹೆಣ್ಣಿನ ಅಪ್ಪ ಮದುಮಗನ ಮುಷ್ಟಿ ನೋಡುತ್ತಿದ್ದ. ಅಕ್ಷತೆ ಹಾಕುವಾಗಲೂ ಅಷ್ಟೇ, ಊಟಕ್ಕೆ ಬಡಿಸುವಾಗಲೂ ಅಷ್ಟೇ. ಶಾಮಲಾ ತಲೆ ತಗ್ಗಿಸಿದ್ದವಳು ಒಮ್ಮೆ ಓರೆಗಣ್ಣಿಂದ ಅಪ್ಪನನ್ನು ನೋಡಿ, ಗಂಡನ ಕೈಯಲ್ಲಿದ್ದ ಚಾಕುವನ್ನು ನೋಡಿ, ತುಟಿ ಕಚ್ಚಿ ನಗೆ ತಡೆದುಕೊಂಡಳು. ಮಾಡಿದ್ದುಣ್ಣೋ ಮಾರಾಯ ಎಂಬಂತಿತ್ತು ಆ ನೋಟ.

ಮರುದಿನ ಹೆಣ್ಣು ಕಳಿಸುವ ಹೊತ್ತಿಗೆ ಶಿವರಾಯ ನಿಂಬೆಹಣ್ಣು ಕಿತ್ತೆಸೆದು ಚಾಕುವನ್ನು ಆತ್ಮಾರಾಮನ ಮುಂದೆ ತಂದು, "ನಿಮ್ಮ ಜೀವ ನಿಮಗೇ ತಗೋರಿ" ಎಂದ. ಲಾರಿಯ ಮುಂದಿನ ಸೀಟಿನಲ್ಲಿ ಗುರುಲಿಂಗಮ್ಮ, ದಶರಥ, ಕಿಟಕಿಯ ಬದಿಗೆ ಶಾಮಲಾ ಕೂತಾಗಿತ್ತು. ದ್ರೌಪದಿ ಅತ್ತು ಅತ್ತು ಕಣ್ಣು ಊದಿಸಿಕೊಂಡಿದ್ದಳು. ಆತ್ಮಾರಾಮ ಜನರಿಗೆ ಬೆನ್ನು ಮಾಡಿ ಗೋಡೆಯ ಕಡೆ ತಿರುಗಿ ಅಲಗು ನೋಡಿದ. ಕನ್ನಡಿಯಂತಿದ್ದದ್ದು ಕರ್ರಗಾಗಿತ್ತು. ಅಂಗವಸ್ತ್ರದ ಚುಂಗಿನಿಂದ ಮೆಲ್ಲಗೆ ಒರೆಸಿದ. ಒರೆಸಿದವನು ಹಾಗೇ ನಿಂತ.

ಅಲಗಿನ ಬಾಯಿಯ ಗುಂಟ ಕಪ್ಪು, ಬೆನ್ನಿನ ಕಡೆ ಬೂದು. ನಡುವೆ ಒಂದು ಗೆರೆ, ಹಳ್ಳದ ದಂಡೆಯ ಹಾಗೆ ಬಳುಕಿ ಬಳುಕಿ ತುದಿಯ ತನಕ ಹೋಗಿತ್ತು. ಮೋನಪ್ಪ ಮೆತ್ತನೆಯ ಕಬ್ಬಿಣದ ಬೆನ್ನಿಗೆ ಗಟ್ಟಿ ಉಕ್ಕಿನ ಬಾಯಿ ಬೆಸೆದಿದ್ದಾನೆ. ಬಾಯಿ ಹರಿತ ಇರಲಿ, ಬೆನ್ನು ಮುರಿಯದಿರಲಿ ಎಂದು. ಮಾಡಿ, ಮೇಲೆ ತಿಕ್ಕಿ ತಿಕ್ಕಿ ಆ ಬೆಸುಗೆ ಯಾರಿಗೂ ಕಾಣದ ಹಾಗೆ ಮುಚ್ಚಿಟ್ಟು, ಒಂದು ಮಾತೂ ಹೇಳದೆ ಸತ್ತುಹೋಗಿದ್ದಾನೆ ಪುಣ್ಯಾತ್ಮ! ಇಷ್ಟು ವರ್ಷ ಎಣ್ಣೆ ಹಚ್ಚಿದರೂ ಕಾಣದ್ದನ್ನು ಎರಡಾಣೆಯ ನಿಂಬೆಹಣ್ಣು ತೋರಿಸಿತ್ತು.

ಲಾರಿ ಗುರ್ ಎಂದಿತು.

"ಏ, ನಿಲ್ಲಸ್ರಿ! ನಿಲ್ಲಸ್ರಿ!" ಎಂದು ಆತ್ಮಾರಾಮ ಧೋತ್ರ ಎತ್ತಿಕೊಂಡು ಓಡಿದ. ಯಾರಿಗೋ ಏನೋ ಆಯಿತೆಂದು ಎಲ್ಲರೂ ಗಾಬರಿಯಾದರು. ಅವನು ಮೆಟ್ಟಿಲು ಹತ್ತಿ ಕಿಟಕಿಯೊಳಗೆ ಚಾಕು ತೂರಿಸಿದ.

"ಶಾಮಲಾ, ನೋಡು ಇಲ್ಲಿ! ಇಲ್ಲೀತನ ಉಕ್ಕು, ಇಲ್ಲಿಂದ ಕಬ್ಬಿಣ. ಕಾಣಸ್ತದೇನು?"

ಶಾಮಲಾ ಒದ್ದೆ ಕಣ್ಣು ಒರೆಸಿಕೊಂಡು ಬಗ್ಗಿದಳು. ತಲೆಯ ಹೂದಂಡೆ, ಬಾಸಿಂಗ ಎಲ್ಲ ಒಂದು ಕಡೆ ವಾಲಿತು. "ಅಯ್ಯ, ಹೌದಲ್ಲಪ್ಪಾ!" ಎಂದು ಅಪ್ಪನ ಕೈಯಿಂದ ಚಾಕು ಕಸಿದುಕೊಂಡು ಬೆಳಕಿಗೆ ಹಿಡಿದಳು. "ತುದಿಗಿ ನೋಡಪ್ಪಾ, ಹ್ಯಾಂಗ ಸಣ್ಣಾಗ್ಯದ. ಕೂದಲೆಳಿ ಹಂಗ ತಂದಾನ." ಅಪ್ಪ ಮಗಳು ಹಣೆಗೆ ಹಣೆ ತಾಗಿಸಿ ನೋಡಿದ್ದೇ ನೋಡಿದ್ದು. ಡ್ರೈವರು ಕಾದ.

ತುದಿಯ ಆ ಎಳೆಯನ್ನು ಆತ್ಮಾರಾಮ ಕಂಡಿರಲಿಲ್ಲ. ಮಗಳು ತೋರಿಸಿದ ಮೇಲೆಯೇ ಕಂಡದ್ದು. ನಾಳೆಯಿಂದ ಪಡಸಾಲೆಯಲ್ಲಿ ಧೋತ್ರ ಹಾಸಿ ಕೂತರೆ ಎದುರಿಗೆ ಯಾರೂ ಇರುವುದಿಲ್ಲ ಎಂಬುದು ಆಗ ಅವನಿಗೆ ಹೊಳೆಯಿತು. ಚಾಕುವಿನ ಚಿಂತೆಯಲ್ಲಿ ಎರಡು ದಿನ ನೆನಪೇ ಆಗದಿದ್ದ ಅಳು ಒಮ್ಮೆಲೇ ಒತ್ತಿ ಬಂತು. ಮೆಟ್ಟಿಲ ಮೇಲೆ ನಿಂತೇ ಹುಡುಗರ ಹಾಗೆ ಬಿಕ್ಕಿದ.

"ಅಯ್ಯ, ಚಾಕು ಕರ್ರಗಾತಂತ ಅಳಾಕತ್ಯಾರ ನೋಡ್ರಿ ಬೀಗರು!" ಎಂದು ಹಿಂದಿನಿಂದ ಯಾರೋ ನಕ್ಕರು. ಆತ್ಮಾರಾಮ ಅಲ್ಲವೆನ್ನಲಿಲ್ಲ.

ಗುರುಲಿಂಗಮ್ಮ ಮಾತ್ರ ಬೇರೊಂದನ್ನು ನೋಡಿದ್ದಳು. "ಏ ಹುಡುಗಿ, ಚಾಕು ಹಂಗ ಕೈಯಿಂದ ಕೈಗಿ ಇಸ್ಕೊಳ್ತಾರೇನು? ನೆಲಕ್ಕಿಟ್ಟು ತಗೋಬೇಕು! ಅಪ್ಪ ಮಗಳಿಗಿ ಜಗಳ ಬೀಳ್ತದ!"

"ಬೀಳಲಿ ಬಿಡ್ರೆವ್ವಾ," ಎಂದ ಆತ್ಮಾರಾಮ, ಮೂಗು ಒರೆಸಿಕೊಳ್ಳುತ್ತ. "ಜಗಳಾ ಮಾಡಾಕರ ಮನಿಗಿ ಬರ್ತಾಳ."

ಶಾಮಲಾ ಹೆಬ್ಬೆರಳಿನಿಂದ ಕಮಾನಿ ಒತ್ತಿ ಚಾಕು ಮಡಚಿ, ಅದನ್ನು ಅಪ್ಪನ ಕೈಯಲ್ಲೇ ಇಟ್ಟಳು.