ಅಜ್ಜಂಪುರದ ಹಂಡೆ

"ಹದಿನೆಂಟು ರೂಪಾಯಿಗೆ ಒಂದು ಕಾಸೂ ಕಡಿಮೆಯಿಲ್ಲ" ಎಂದು ತರೀಕೆರೆಯ ಪಾತ್ರೆ ಅಂಗಡಿಯವನು ಮತ್ತೆ ಹೇಳಿದಾಗ ನಂಜುಂಡಪ್ಪ ಹಂಡೆಯ ಹೊಟ್ಟೆಗೆ ಬೆರಳ ಗೆಣ್ಣಿನಿಂದ ಇನ್ನೊಮ್ಮೆ ಬಡಿದು ಕಿವಿಗೊಟ್ಟು ಕೇಳಿದ. ಸದ್ದಿನಲ್ಲಿ ಏನೂ ತಪ್ಪಿರಲಿಲ್ಲ. ಹೊಸ ತಾಮ್ರ, ಒಳ್ಳೆಯ ದಪ್ಪ, ಎರಡು ಕಡೆಯ ಎತ್ತುವ ಬಳೆಗಳೂ ಗಟ್ಟಿಯಾಗಿದ್ದವು. ಹಂಡೆಗೆಂದೇ ಹೆಂಡತಿ ಕೊಟ್ಟಿದ್ದ ಇಪ್ಪತ್ತು ರೂಪಾಯಿ ಸೊಂಟದ ಚೀಲದಲ್ಲಿತ್ತು. ಎಣಿಸಿ ಕೊಟ್ಟು, ಹಂಡೆ ಹೊತ್ತು, ಮಧ್ಯಾಹ್ನದ ರೈಲಿಗೆ ಹೊರಟುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು.

"ಹನ್ನೆರಡಕ್ಕೆ ಕೊಡೋದಾದ್ರೆ ಈಗ್ಲೇ ಹೊರ್ತೀನಿ" ಎಂದ.

"ಹನ್ನೆರಡಕ್ಕೆ ಕೊಡಪಾನ ಬತ್ತದೆ. ಅದನ್ನ ಹೊರ್ರಿ."

ನಂಜುಂಡಪ್ಪ ಮೆಟ್ಟಿಲಿಳಿದು ನಡೆದ. ಹಿಂದಿನಿಂದ ಕರೆಯಲಿ ಎಂದು ಬೇಕೆಂದೇ ನಿಧಾನವಾಗಿ ನಡೆದ. ಚಪ್ಪಲಿಯಲ್ಲಿ ಕಲ್ಲು ಸಿಕ್ಕಿತೆಂಬಂತೆ ಒಂದು ಕಡೆ ನಿಂತೂ ನೋಡಿದ. ಅಂಗಡಿಯವನು ಬೇರೆ ಗಿರಾಕಿಯ ಜೊತೆ ನಗುತ್ತಿದ್ದ. ಮರಳಿ ಹೋಗಲು ಮಾನ ಬಿಡಲಿಲ್ಲ. ಕಾಲು ಸ್ಟೇಷನ್ನಿನ ಕಡೆ ತಿರುಗಿತು.

ಯಗಟಿಯಲ್ಲಿ ನಂಜುಂಡಪ್ಪನಿಗೆ ಐವತ್ತು ತೆಂಗಿನಮರ, ಒಂದಿಷ್ಟು ರಾಗಿ ಹೊಲ, ಹಿಂಡು ಕುರಿ ಇದ್ದವು. ಉಣ್ಣಲು ಉಡಲು ಕೊರತೆಯಿರಲಿಲ್ಲ. ಇದ್ದದ್ದು ಒಂದೇ ರೋಗ. ಯಾವುದಾದರೂ ಸಾಮಾನು ಅಗ್ಗಕ್ಕೆ ಸಿಗುತ್ತದೆ ಎಂದು ಕಿವಿಗೆ ಬಿದ್ದರೆ ಮುಗಿಯಿತು, ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಕಡೂರಿನಲ್ಲಿ ಯಾರಾದರೂ ಮನೆ ಖಾಲಿ ಮಾಡಿದರೆ ಅಲ್ಲಿ ಅವನಿದ್ದ. ಬೀರೂರಿನ ಹರಾಜಿನಲ್ಲಿ ಅವನದೇ ಮೊದಲ ಕೂಗು. ಹೀಗೆ ಮನೆ ಸೇರಿದ್ದ ಸಾಮಾನುಗಳಲ್ಲಿ ಒಂದು ಕಾಲು ಮೋಟಾದ ಕಬ್ಬಿಣದ ಮಂಚವಿತ್ತು, ಪಾದರಸ ಉದುರಿದ ಆಳೆತ್ತರದ ಕನ್ನಡಿಯಿತ್ತು. ರೈಲ್ವೆ ಇಂಜಿನಿಯರ್ ಸಾಹೇಬರು ತರೀಕೆರೆಯ ಬಂಗಲೆ ಬಿಟ್ಟು ಹೋದಾಗ ಎಂಟಾಣೆಗೆ ಕೂಗಿ ತಂದ ತೇಗದ ಕುರ್ಚಿಯಂತೂ ಊರಿಗೇ ಹೆಸರಾಗಿತ್ತು. ಕೂರುವ ಹಲಗೆಯ ನಡುವೆ ದುಂಡಗೆ ತೂತು. ಸೆಖೆಯ ಕಾಲಕ್ಕೆ ಗಾಳಿಯಾಡಲಿ ಎಂದು ಸಾಹೇಬರು ಮಾಡಿಸಿದ್ದಾರೆಂದು ನಂಜುಂಡಪ್ಪ ಎಲ್ಲರಿಗೂ ಹೇಳಿ, ಕಂದಾಯಕ್ಕೆ ಬಂದ ಶೇಕದಾರರನ್ನು ಜಗಲಿಯ ಮೇಲೆ ಅದರಲ್ಲೇ ಕೂರಿಸಲು ಹೋಗಿದ್ದ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕು, "ಲೇ ನಂಜುಂಡಪ್ಪ, ಇದು ಸಾಹೇಬರ ಕಕ್ಕಸು ಕಣಯ್ಯ" ಎಂದಿದ್ದರು. ಅಂದಿನಿಂದ ಹೆಂಡತಿ ಹುಚ್ಚಮ್ಮ ಆ ಕುರ್ಚಿಯ ತೂತಿಗೆ ಒಂದು ಬುಟ್ಟಿ ಇಳಿಸಿ ಕೋಳಿ ಕಾವಿಗೆ ಕೂರಿಸುತ್ತಿದ್ದಳು.

ಇಷ್ಟೆಲ್ಲ ಇದ್ದ ಮನೆಯಲ್ಲಿ ಬಚ್ಚಲಿಗೊಂದು ಹಂಡೆಯಿರಲಿಲ್ಲ. ಮಣ್ಣಿನ ಹರವಿಯಲ್ಲೇ ನೀರು ಕಾಯುತ್ತಿತ್ತು, ಅದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಮಗಳು ಕಾಂತಮ್ಮ ಸಿಂಗಟಗೆರೆಯ ಗಂಡನ ಮನೆಯಲ್ಲಿ ಬಸುರಾದ ಮೇಲೆ ತೊಂದರೆ ಶುರುವಾಯಿತು. ಚೊಚ್ಚಲ ಹೆರಿಗೆಗೆ ಕರೆದುಕೊಂಡು ಹೋಗುತ್ತೇವೆಂದು ಕೇಳಲು ಹೋದಾಗ ಬೀಗಿತ್ತಿ ವಿಶಾಲಾಕ್ಷಮ್ಮ ನಾಲ್ಕು ಜನರ ಎದುರಿಗೇ ಹೇಳಿದ್ದಳು.

"ಹರವೀಲಿ ಎಷ್ಟು ನೀರು ಕಾದಾತು ತಾಯಿ? ಬಾಣಂತಿಗೆ ಸುರಿಸುರಿದು ಎರೀಬೇಕು. ಬೆಚ್ಚನೆ ನೀರಿಗೆ ಗತಿಯಿಲ್ದಿರೋ ಕಡೆ ನಾನು ಸೊಸೇನ ಕಳಿಸಾಕಿಲ್ಲ. ನಮ್ಮಲ್ಲೇ ಹೆರ್ಲಿ ಬುಡಿ."

ಮೊದಲ ಹೆರಿಗೆಗೆ ಮಗಳು ತವರಿಗೆ ಬರಲಿಲ್ಲವೆಂದರೆ ಊರಲ್ಲಿ ತಲೆಯೆತ್ತುವಂತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಹುಚ್ಚಮ್ಮನಿಗೆ ಮಗಳು ಬೇಕಾಗಿದ್ದಳು. ಮದುವೆಯಾದ ಮೇಲೆ ಹುಡುಗಿ ಇಳಿದುಹೋಗಿದ್ದಳು. ಅವಳಿಗೆ ತನ್ನ ಕೈಯಾರೆ ಎಣ್ಣೆ ತಿಕ್ಕಿ ನೀರೆರೆದು ಮಲಗಿಸದಿದ್ದರೆ ತಾಯಿಯಾಗಿ ಏನು ಬಂತು ಎಂದು ದಾರಿಯುದ್ದಕ್ಕೂ ಅತ್ತಿದ್ದಳು. ಮನೆಗೆ ಬಂದವಳೇ ತನ್ನ ಪಾಲಿನ ಕುರಿಗಳನ್ನು ಮಾರಿ ದುಡ್ಡು ಗಂಡನ ಕೈಗಿಟ್ಟಳು. "ಹೊಸಾದು ತಗೊಂಡ್ ಬನ್ನಿ. ಸೋಮವಾರ ಬೀಗಿತ್ತಿ ತಾನೇ ಬಂದು ನೋಡಿ, ಸರಿಯಾಗಿದ್ರೆ ಮಗಳನ್ನ ಬಿಟ್ ಹೋಗ್ತಾಳಂತೆ. ಅಗ್ಗ ಗಿಗ್ಗ ಅಂತ ಎಲ್ಲೂ ಹೋಗ್ಬ್ಯಾಡಿ, ನಿಮ್ಮ ಕಾಲಿಗೆ ಬೀಳ್ತೀನಿ" ಎಂದಿದ್ದಳು.

ಆ ಮಾತು ನಂಜುಂಡಪ್ಪನಿಗೆ ನೆನಪಿರಲಿಲ್ಲವೆಂದಲ್ಲ. ರೈಲಿನಲ್ಲಿ ಪಕ್ಕದಲ್ಲಿ ಕೂತವನೊಬ್ಬ, ಅಜ್ಜಂಪುರದಲ್ಲಿ ಜವಳಿ ಷಣ್ಮುಖಪ್ಪನವರು ಮನೆ ಮುಚ್ಚಿ ದಾವಣಗೆರೆಯ ತಮ್ಮನ ಹತ್ತಿರ ಹೋಗುತ್ತಿದ್ದಾರೆ, ಸಾಮಾನೆಲ್ಲ ಕೇಳಿದ ರೇಟಿಗೆ ಕೊಡುತ್ತಿದ್ದಾರೆ ಎಂದ. ಬೀರೂರಿನಲ್ಲಿ ಇಳಿದು ಊರ ಕಡೆ ಹೊರಡಬೇಕಾದವನು ಅಲ್ಲೇ ಪ್ಲಾಟ್‌ಫಾರ್ಮಿನ ಮೇಲೆ ಅತ್ತಿಂದಿತ್ತ ನಾಲ್ಕು ಸಲ ಓಡಾಡಿದ. ಆಮೇಲೆ ಅಜ್ಜಂಪುರಕ್ಕೆ ಟಿಕೆಟ್ ತೆಗೆದುಕೊಂಡ. ಇಂಥವರನ್ನು ಏನು ಮಾಡುವುದು!

ಷಣ್ಮುಖಪ್ಪನವರ ಮನೆ ಹೆಚ್ಚುಕಡಿಮೆ ಬರಿದಾಗಿತ್ತು. ಪೆಟ್ಟಿಗೆ, ಮಂಚ, ಹಿತ್ತಾಳೆ ಕೊಡ, ತೂಗುದೀಪ, ಎಲ್ಲ ಹೋಗಿದ್ದವು. ಹಿತ್ತಲಲ್ಲಿ ಒಂದು ಹಂಡೆ ಮಾತ್ರ ಒಂಟಿಯಾಗಿ ಕೂತಿತ್ತು. ತರೀಕೆರೆಯ ಹಂಡೆಗಿಂತ ದೊಡ್ಡದು, ಹಳೇ ಕಾಲದ ಗಟ್ಟಿ ತಾಮ್ರ. ಬಾವಿಯಿಂದ ನೀರು ಸೇದಿ ತುಂಬಿಸಿ, ಬಗ್ಗಿ ತಳದಲ್ಲಿ ಬೆರಳಾಡಿಸಿದ. ಒಂದು ಹನಿಯೂ ಜಿನುಗಲಿಲ್ಲ. ಬೆಸುಗೆಯಿಲ್ಲ, ತೇಪೆಯಿಲ್ಲ, ನೆಗ್ಗಿಲ್ಲ.

"ಆರು ರೂಪಾಯಿಗೆ ಕೊಡ್ತೀರಾ?" ಎಂದು ಕೇಳಿ, ಬಯ್ಯಿಸಿಕೊಳ್ಳಲು ಸಿದ್ಧನಾಗಿ ನಿಂತ.

ಷಣ್ಮುಖಪ್ಪನವರು ಕಂಬಕ್ಕೊರಗಿ ಕೂತಿದ್ದರು. "ಆಗ್ಲಿ" ಎಂದರು.

ನಂಜುಂಡಪ್ಪನಿಗೆ ತಬ್ಬಿಬ್ಬಾಯಿತು. ಇಷ್ಟು ವರ್ಷದಲ್ಲಿ ಯಾರೂ ಅವನಿಗೆ ಮೊದಲ ಮಾತಿಗೆ ಹಾಗೆಂದಿರಲಿಲ್ಲ. "ಹಳೇದು... ಐದಕ್ಕೆ ಮಾಡ್ಕೊಳ್ಳಿ" ಎಂದ, ಬಾಯಿ ಅಭ್ಯಾಸಕ್ಕೆ.

"ಆಗ್ಲಿ."

ಈಗ ಅವನಿಗೆ ಹೆದರಿಕೆಯಾಯಿತು. ಹಂಡೆಯ ಸುತ್ತ ಇನ್ನೊಂದು ಸುತ್ತು ಬಂದ. ಉಗುರಿನಿಂದ ಕೆರೆದ. ಮೂಸಿಯೂ ನೋಡಿದ. ಕೊನೆಗೆ ತಡೆಯಲಾರದೆ, "ಸ್ವಾಮಿ, ಇದ್ರಲ್ಲಿ ಏನು ಐಬೈತೆ ಹೇಳಿಬಿಡಿ" ಎಂದ.

"ಹಂಡೇಲಿ ಐಬಿಲ್ಲಪ್ಪ" ಎಂದರು ಷಣ್ಮುಖಪ್ಪನವರು. "ನನ್ನ ಮಗಳು ಬಾಣಂತನಕ್ಕೆ ಬಂದಿದ್ಲು. ಇದ್ರಲ್ಲೇ ಕಾಯಿಸಿ ಎರೀತಿದ್ವಿ. ಚೆನ್ನಾಗೇ ಇದ್ಲು. ಒಂದಿನ ಎರೆದು ಮಲಗಿಸಿದ್ವಿ, ಸಂಜೆಗೆ ಜ್ವರ ಏರ್ತು. ಬಾಣಂತಿ ಸನ್ನಿ. ಉಳೀಲಿಲ್ಲ. ಕೂಸನ್ನ ಅದರಪ್ಪನ ಮನೆಯವರು ಕರ್ಕೊಂಡು ಹೋದ್ರು. ಊರಲ್ಲಿ ಎಲ್ರಿಗೂ ಗೊತ್ತು, ಅದಕ್ಕೇ ಇದನ್ನ ಯಾರೂ ಮುಟ್ಟಲಿಲ್ಲ. ನೀವು ಕೇಳಿದ್ರಿ, ಹೇಳ್ದೆ." ಆಮೇಲೆ ತಲೆಯೆತ್ತಿ, "ನಿಮ್ಮನೇಲಿ ಯಾರಿಗೆ ಬೇಕಾಗಿತ್ತು?" ಎಂದು ಕೇಳಿದರು.

"ದನಕ್ಕೆ" ಎಂದುಬಿಟ್ಟ ನಂಜುಂಡಪ್ಪ. "ದನಕ್ಕೆ ಹಿಂಡಿ ನೆನೆಸೋಕೆ."

"ದನಕ್ಕಾದ್ರೆ ಚಿಂತೆಯಿಲ್ಲ ಬಿಡಿ" ಎಂದು ಆ ಮುದುಕರು ಎದ್ದು ಬಂದು, ಒಂದು ಬಳೆಗೆ ತಾವೂ ಕೈಹಾಕಿ ಎತ್ತಿಕೊಟ್ಟರು.

ಯಾಕೆ ತಂದೆ ಎಂದು ಅವನನ್ನು ಕೇಳಿದ್ದರೆ ಹತ್ತು ಕಾರಣ ಕೊಡುತ್ತಿದ್ದ. ಮಾರನೆಯ ದಿನವೇ ಸೋಮವಾರ. ತರೀಕೆರೆಗೆ ಮರಳಿ ಹೋಗಲು ರೈಲಿಲ್ಲ. ತಾಮ್ರಕ್ಕೆ ಯಾವ ದೋಷ, ಹುಣಸೆಹಣ್ಣಿನಲ್ಲಿ ತಿಕ್ಕಿದರೆ ಎಲ್ಲ ಹೋಗುತ್ತದೆ. ಆದರೆ ಐದು ರೂಪಾಯಿಗೆ ಸಿಕ್ಕಿದ ಅಂಥ ಹಂಡೆಯನ್ನು ಬಿಟ್ಟು ಬರಲು ಅವನಿಗೆ ಮನಸ್ಸು ಬರಲಿಲ್ಲ ಎಂಬುದೇ ನಿಜ. ಅಜ್ಜಂಪುರಕ್ಕೆ ತೆಂಗಿನಕಾಯಿ ಹೇರಿಕೊಂಡು ಬಂದಿದ್ದ ಊರಿನ ಮುದ್ದಪ್ಪನ ಖಾಲಿ ಗಾಡಿ ಸಿಕ್ಕಿತು. ಹಂಡೆ ಕಂಡೊಡನೆ ಮುದ್ದಪ್ಪ, "ನಂಜುಂಡಣ್ಣ, ಇದು ಜವಳಿಯೋರ ಮನೇದಲ್ವಾ? ಆ ಹುಡುಗಿ..." ಎಂದು ಅರ್ಧಕ್ಕೆ ನಿಲ್ಲಿಸಿದ.

"ಮನೇಲಿ ಬಾಯಿಬಿಟ್ಟೀಯ ಕಣೋ, ನಿನ್ನ ದಮ್ಮಯ್ಯ."

"ನಂಗ್ಯಾಕೆ ಬುಡಣ್ಣ" ಎಂದು ಮುದ್ದಪ್ಪ ಎತ್ತುಗಳ ಬಾಲ ತಿರುವಿದ. ರಾತ್ರಿಯಿಡೀ ದಾರಿಯಲ್ಲಿ ಹಂಡೆ ಗಾಡಿಯ ಕುಲುಕಾಟಕ್ಕೆ ಗೊಣಗುತ್ತ ಬಂತು. ನಂಜುಂಡಪ್ಪ ಅದರೊಳಗೆ ಒಂದು ಹೊರೆ ಹುಲ್ಲು ತುರುಕಿದ.

ಬೆಳಕು ಹರಿಯುವ ಹೊತ್ತಿಗೆ ಮನೆ ತಲುಪಿದಾಗ ಹುಚ್ಚಮ್ಮ ಹಂಡೆಯನ್ನೊಮ್ಮೆ, ಗಂಡನನ್ನೊಮ್ಮೆ ನೋಡಿ, "ಹೊಸಾದಲ್ವಲ್ಲ" ಎಂದಳು. "ಇಂಥಾ ತಾಮ್ರ ಹೊಸಾದ್ರಲ್ಲಿ ಸಿಗಾಕಿಲ್ಲ ಕಣೇ" ಎಂದು ಅವನು ಮಿಕ್ಕ ದುಡ್ಡು ಕೈಗಿಟ್ಟ. ಪ್ರತಿ ಸಲ ಎಷ್ಟಕ್ಕೆ ಕೇಳಿದರು, ಎಷ್ಟಕ್ಕೆ ಇಳಿಸಿದೆ ಎಂದು ನೆರೆಹೊರೆಗೆಲ್ಲ ಕೇಳುವಂತೆ ಹೇಳುತ್ತಿದ್ದವನು ಈ ಸಲ ನೇರ ತೋಟದ ಕಡೆ ಹೋದ. ಅವಳು ಹುಣಸೆಹಣ್ಣು, ಬೂದಿ ತೆಗೆದುಕೊಂಡು ತೋಳು ನೋಯುವಷ್ಟು ತಿಕ್ಕಿ ಹಂಡೆಯನ್ನು ಬಚ್ಚಲ ಒಲೆಯ ಮೇಲೆ ಕೂರಿಸಿ ಮಣ್ಣು ಮೆತ್ತಿದಳು. ಬಿಸಿಲೇರಿದ ಮೇಲೆ ಬಂದ ವಿಶಾಲಾಕ್ಷಮ್ಮ ಒಳಗೆ ಬಗ್ಗಿ ನೋಡಿ, ಹೊರಗೆ ಬಡಿದು ನೋಡಿ, "ನಮ್ಮನೇದಕ್ಕಿಂತ ದೊಡ್ಡದೈತೆ" ಎಂದು ಸ್ವಲ್ಪ ಹೊಟ್ಟೆಯುರಿಯಿಂದಲೇ ಒಪ್ಪಿಕೊಂಡು ಸೊಸೆಯನ್ನು ಬಿಟ್ಟುಹೋದಳು.

ಕಾಂತಮ್ಮನಿಗೆ ಸುಖವಾಗಿ ಹೆಣ್ಣುಕೂಸು ಹುಟ್ಟಿತು. ಮನೆಯೆಲ್ಲ ಬೆಳ್ಳುಳ್ಳಿ, ಸಾಂಬ್ರಾಣಿಯ ವಾಸನೆ. ಬೆಳಗಾದರೆ ಹುಚ್ಚಮ್ಮ ಮಗಳನ್ನು ಬಚ್ಚಲಲ್ಲಿ ಮಣೆಯ ಮೇಲೆ ಕೂರಿಸಿ, ಚೊಂಬು ಚೊಂಬು ಕುದಿನೀರು ಬೆನ್ನಿಗೆ ರಪರಪ ಸುರಿಯುವಳು. ಹುಡುಗಿ "ಅಯ್ಯಯ್ಯೋ ಸಾಕವ್ವಾ" ಎಂದು ಕಿರುಚುವಳು. ಕೇಳಿದವರಿಗೆಲ್ಲ ನಗು ಬರುತ್ತಿತ್ತು. ನಂಜುಂಡಪ್ಪ ಮಾತ್ರ ನಗುತ್ತಿರಲಿಲ್ಲ. ನೀರೆರೆಯುವ ಹೊತ್ತಿಗೆ ತೋಟಕ್ಕೆ ಹೋಗುವನು, ಅರ್ಧ ದಾರಿಯಲ್ಲಿ ತಿರುಗಿ ಬರುವನು. ಬಾಣಂತಿಯ ಕೋಣೆಯ ಬಾಗಿಲಲ್ಲಿ ನಿಂತು, "ತಲೆನೋವಾ ಮಗಾ? ಚಳಿಯಾ?" ಎಂದು ಕೇಳುವನು. ಕೂಸನ್ನು ನೋಡುವ ನೆಪದಲ್ಲಿ ಮಗಳ ಹಣೆ ಮುಟ್ಟುವನು. "ಗಂಡಸರಿಗೆ ಇಲ್ಲೇನು ಕೆಲ್ಸ, ಆಚೆ ಹೋಗಿ" ಎಂದು ಹುಚ್ಚಮ್ಮ ಗದರಿದರೆ ಜಗಲಿಗೆ ಬಂದು, ಅಲ್ಲೂ ಕೂರಲಾರದೆ ಬೀದಿಗಿಳಿಯುವನು. ಕಡೂರಿನಲ್ಲಿ ಯಾರದೋ ಮನೆಯ ಸಾಮಾನು ಹರಾಜೆಂದು ಡಂಗುರ ಹೊಡೆದರು. ಅವನು ಹೋಗಲಿಲ್ಲ. ಊರವರು ನಂಜುಂಡಪ್ಪನಿಗೆ ಮೈ ಸರಿಯಿಲ್ಲವೆಂದುಕೊಂಡರು.

ಒಂದು ದಿನ ಎರೆದು ಮಲಗಿಸಿದ ಮೇಲೆ ಕಾಂತಮ್ಮನಿಗೆ ಗದಗದ ನಡುಕ ಬಂತು. ಹಲ್ಲು ಕಟಕಟ ಎಂದದ್ದು ಜಗಲಿಗೇ ಕೇಳಿಸಿತು. ನಂಜುಂಡಪ್ಪ ಓಡಿಬಂದು ನೋಡಿದರೆ ಹಿತ್ತಲ ಬಾಗಿಲು ಹಾರುಹೊಡೆದು ಚಳಿಗಾಳಿ ನುಗ್ಗುತ್ತಿತ್ತು. ಬಾಗಿಲು ಹಾಕಿ ಇನ್ನೆರಡು ಕಂಬಳಿ ಹೊದಿಸಿದ ಮೇಲೆ ನಡುಕ ನಿಂತಿತು. ಹುಡುಗಿ ಬೆವತು ನಿದ್ದೆಹೋದಳು. ಅವನು ಕೊಟ್ಟಿಗೆಗೆ ಹೋಗಿ ಎತ್ತಿನ ಕೊರಳಿಗೆ ಮುಖವಿಟ್ಟು ಬಿಕ್ಕಿಬಿಕ್ಕಿ ಅತ್ತ. ಇನ್ನು ತಡೆಯುವುದು ಅವನಿಂದ ಆಗುತ್ತಿರಲಿಲ್ಲ. ಹೇಳಿಬಿಡೋಣವೆಂದರೆ ಹಾಲೂಡಿಸುವ ಹುಡುಗಿ ಹೆದರಿಯೇ ಸತ್ತಾಳು. ಹಂಡೆ ಕಿತ್ತರೆ ಯಾಕೆಂದು ಹೇಳಬೇಕು. ಅವನಿಗೆ ಹೊಳೆದದ್ದು ಒಂದೇ. ಆ ನೀರಿನಲ್ಲಿ ಏನಾದರೂ ಇದ್ದರೆ ಅದು ಮೊದಲ ಚೊಂಬಿಗೆ ಸಿಕ್ಕಿದವರನ್ನು ಹಿಡಿಯಲಿ.

ಮಾರನೆಯ ದಿನ ಕೋಳಿ ಕೂಗುವ ಮುಂಚೆ ಎದ್ದು, ಹೆಗಲ ಮೇಲೆ ಪಂಚೆ ಹಾಕಿಕೊಂಡು, ಚೊಂಬು ಹಿಡಿದು ಹೆಜ್ಜೆ ಸಪ್ಪಳವಾಗದಂತೆ ಬಚ್ಚಲಿಗೆ ಹೋದ. ಒಲೆ ಆಗಲೇ ಉರಿಯುತ್ತಿತ್ತು. ಅದರ ಮುಂದೆ ಹುಚ್ಚಮ್ಮ ಕೂತಿದ್ದಳು. ಒದ್ದೆ ಸೀರೆ, ಬಿಚ್ಚಿದ ಕೂದಲಿನಿಂದ ನೀರಿಳಿಯುತ್ತಿತ್ತು.

"ಇಷ್ಟೊತ್ತಿಗೇ ತಲೆ ಮೇಲೆ ಹುಯ್ಕೊಂಡಿದೀಯಲ್ಲೇ. ಇವತ್ತೇನು ಹಬ್ಬವಾ?"

"ದಿನಾ ಹುಯ್ಕೊಂತೀನಿ" ಎಂದಳು ಅವಳು, ಬೆಂಕಿಯಿಂದ ಕಣ್ಣು ತೆಗೆಯದೆ. "ಅವಳಿಗೆ ಎರೆಯೋಕೆ ಮುಂಚೆ."

ನಂಜುಂಡಪ್ಪ ಬಾಗಿಲಲ್ಲೇ ನಿಂತ.

"ಆ ಸೋಮವಾರ ಹಂಡೆ ಕೂರಿಸಿದ ಮೇಲೆ ಮುದ್ದಪ್ಪನ ಹೆಂಡ್ತಿ ಬಂದು ಅಜ್ಜಂಪುರದ ಹುಡುಗಿ ವಿಷ್ಯ ಹೇಳಿದ್ಲು."

"ಗೊತ್ತಿದ್ದೂ ಇಟ್ಕಂಡೆಯಾ?"

"ಅವಳು ಹೇಳ್ತಾ ಇರೋವಾಗ್ಲೇ ಬೀಗಿತ್ತಿ ಗಾಡಿ ಬಂದು ಬಾಗ್ಲಲ್ಲಿ ನಿಂತ್ಕಂತು" ಎಂದಳು ಹುಚ್ಚಮ್ಮ. "ಮಗಳು ಗಾಡಿಯಿಂದ ಕಾಲು ಕೆಳಗಿಡ್ತಾ ಅವ್ವಾ ಅಂದ್ಲು. ಹಂಡೆ ಸರಿಯಿಲ್ಲ, ಹಿಂದಕ್ಕೆ ಕರ್ಕೊಂಡು ಹೋಗಿ ಅನ್ಲಾ? ನನ್ನ ಬಾಯಿಂದ ಬರ್ನಿಲ್ಲ." ಸೆರಗಿನಿಂದ ಮೂಗೊರೆಸಿಕೊಂಡು, ಅವನ ಕೈಯಲ್ಲಿದ್ದ ಚೊಂಬನ್ನು ಆಗ ನೋಡಿದಳು. ಏನೂ ಕೇಳದೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಅವನು ಕಲ್ಲಿನ ಮೇಲೆ ಕುಕ್ಕರುಗಾಲಲ್ಲಿ ಕೂತು ಚೊಂಬು ಮುಳುಗಿಸಿ ತಲೆಯ ಮೇಲೆ ಸುರಿದುಕೊಂಡ. ನೀರು ಚೆನ್ನಾಗಿ ಕಾದಿತ್ತು. ಇನ್ನೊಂದು ಸುರಿದುಕೊಂಡ. ಹುಚ್ಚಮ್ಮ ಕಡಿಮೆಯಾದಷ್ಟು ನೀರನ್ನು ಕೊಡದಿಂದ ಹಂಡೆಗೆ ತುಂಬಿ, ಎರಡು ತೆಂಗಿನ ಮಟ್ಟೆ ಮುಂದಕ್ಕೆ ತಳ್ಳಿದಳು. ಗಂಡ ಹೆಂಡತಿ ಒಲೆಯ ಮುಂದೆ ಅಕ್ಕಪಕ್ಕ ಕೂತರು.

ಒಳಗೆ ಕೂಸು ಅತ್ತಿತು. ಕಾಂತಮ್ಮ ಅದನ್ನು ಸುಮ್ಮನಾಗಿಸಿ, ನಿದ್ದೆಗಣ್ಣಿನ ದನಿಯಲ್ಲಿ, "ಅವ್ವಾ, ನೀರು ಕಾದ್ವಾ?" ಎಂದು ಕೂಗಿದಳು. ಇಬ್ಬರ ತಲೆಯಿಂದಲೂ ನೀರು ತೊಟ್ಟಿಕ್ಕುತ್ತಿತ್ತು. ಹುಚ್ಚಮ್ಮ ಕೈಚಾಚಿ ಗಂಡನ ಹಣೆ ಮುಟ್ಟಿ ನೋಡಿ, "ಇನ್ನೊಂದ್ ಸ್ವಲ್ಪ ಹೊತ್ತು ಮಗಾ" ಎಂದಳು.