ಕದಿರಮ್ಮನ ಒಪ್ಪಿಗೆ

ನಮ್ಮ ಯಜಮಾನರ ಬಾಯಲ್ಲಿ ಇಲ್ಲ ಎನ್ನುವ ಮಾತು ಬರುವುದೇ ಇಲ್ಲ. ಗೌರಿಬಿದನೂರಿನ ಹೈಸ್ಕೂಲಿನಲ್ಲಿ ಮೇಷ್ಟ್ರು, ಹೆಸರು ಸತ್ಯಮೂರ್ತಿ. ಯಾರಾದರೂ ಬಂದು "ಮೇಷ್ಟ್ರೇ, ನಿಮ್ಮ ಮನೆ ಬಾಗಿಲು ಬೇಕಾಗಿತ್ತು" ಎಂದರೆ, "ಚಿಲಕಾನೂ ಬೇಕಾ?" ಎಂದು ಕೇಳುವ ಗಂಡಸು.

ಅರವತ್ತೊಂದನೇ ಇಸವಿಯ ಬೇಸಿಗೆಯಲ್ಲಿ ಆದದ್ದೂ ಅದೇ. ಬೆಂಗಳೂರಿನ ಒಂದು ಅನಾಥಾಲಯದ ಮೇಲ್ವಿಚಾರಕಿ ಇವರಿಗೆ ದೂರದ ನೆಂಟರು. ಹದಿನೆಂಟು ತುಂಬಿದ ಹುಡುಗಿಯರನ್ನು ಅಲ್ಲಿ ಇಟ್ಟುಕೊಳ್ಳುವ ಹಾಗಿಲ್ಲವಂತೆ. ಒಬ್ಬಳನ್ನು ಮಳೆಗಾಲದವರೆಗೆ ನಿಮ್ಮ ಮನೆಯಲ್ಲಿಟ್ಟುಕೊಂಡು ಅಡುಗೆ, ಪೇಟೆ, ನಾಲ್ಕು ಜನರ ವ್ಯವಹಾರ ಕಲಿಸಿ, ಆಮೇಲೆ ಪೆರೇಸಂದ್ರದ ಶಿಶುವಿಹಾರದಲ್ಲಿ ಟೀಚರ್ ಕೆಲಸ ಕಾದಿದೆ, ಒಬ್ಬಳೇ ಇರುವುದು ಅಭ್ಯಾಸವಾಗಬೇಕು ಎಂದರಂತೆ. ಇವರು ಹೂಂ ಅಂದು ಬಂದರು. ನನಗೆ ಹೇಳಿದ್ದು ಹುಡುಗಿ ರೈಲಿಳಿಯುವ ದಿನ ಬೆಳಿಗ್ಗೆ.

"ನಾನೇನು ಛತ್ರ ಇಟ್ಟಿದೀನಾ?" ಎಂದು ಕೂಗಾಡಿದೆ. ಕೂಗಾಡುತ್ತಲೇ ಹಿಂದಿನ ಕೋಣೆ ಗುಡಿಸಿ, ಚಾಪೆ ಹಾಸಿದೆ.

ಹುಡುಗಿಯ ಹೆಸರು ಕದಿರಮ್ಮ. ಎತ್ತರದ ಹುಡುಗಿ, ತಲೆ ತಗ್ಗಿಸಿ ತಗ್ಗಿಸಿ ಗಿಡ್ಡವಾಗಿ ಕಾಣುತ್ತಿದ್ದಳು. ಮಾರನೆಯ ದಿನ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಉಪ್ಪಿಟ್ಟು ಮಾಡಿದ್ದಳು. ಡಬ್ಬಿಯಲ್ಲಿದ್ದ ರವೆಯಷ್ಟನ್ನೂ ಸುರಿದು, ಹಬ್ಬದ ದೊಡ್ಡ ಪಾತ್ರೆ ತುಂಬ. "ಅಯ್ಯೋ ನನ್ನಪ್ಪನೇ, ಇದೇನೇ ಇದು!" ಎಂದೆ. "ಅಲ್ಲಿ ಅರವತ್ತು ಜನಕ್ಕೆ ಮಾಡ್ತಿದ್ವಿ ಅಮ್ಮ. ಮೂರು ಜನಕ್ಕೆ ಎಷ್ಟು ಅಂತ ಗೊತ್ತಾಗ್ಲಿಲ್ಲ" ಎಂದು ಅತ್ತಳು. ಆವತ್ತು ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲೂ ತಿಂಡಿ ಮಾಡಲಿಲ್ಲ. ಎದುರು ಮನೆಯಾಕೆ ಎರಡು ಸಲ ಹಾಕಿಸಿಕೊಂಡು ತಿಂದು, ಕೈತೊಳೆದು, "ಯಾವ ಜನಾನೋ ಏನೋ, ಅಡುಗೆಮನೆಗೇ ಬಿಟ್ಕೊಂಡಿದೀರಲ್ಲ" ಎಂದಳು. ತಿನ್ನುವಾಗ ಈ ಜ್ಞಾನ ಎಲ್ಲಿ ಹೋಗಿತ್ತು ಎಂದು ಕೇಳಿದೆ. ಆಮೇಲೆ ಆಕೆ ಹದಿನೈದು ದಿನ ಮಾತು ಬಿಟ್ಟಳು, ನನಗೂ ಹಾಯಾಗಿತ್ತು.

ಅಡುಗೆ ಕಲಿತಳು. ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕುವುದು ಕಲಿತಳು. ಕಲಿಯದೆ ಇದ್ದದ್ದು ಒಂದೇ. ಏನು ಹೇಳಿದರೂ "ಆಗ್ಲಮ್ಮ" ಎನ್ನುವಳು. ತರಕಾರಿಯವನು ಕೊಳೆತ ಬದನೆಕಾಯಿ ಕೊಟ್ಟರೆ ಆಗ್ಲಪ್ಪ. ಎದುರು ಮನೆಯಾಕೆ, ಮಾತು ಬಿಟ್ಟಿದ್ದವಳು, ಇವಳನ್ನು ಮಾತ್ರ ಕರೆದು ಬಾವಿಯಿಂದ ನೀರು ಸೇದಿಸಿಕೊಂಡರೆ ಆಗ್ಲಮ್ಮ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಹೀಗೆ ಕರೆದವರ ಹಿಂದೆಲ್ಲ ಹೋಗುವ ಹುಡುಗಿ ಪೆರೇಸಂದ್ರದಲ್ಲಿ, ಹೆದ್ದಾರಿ ಪಕ್ಕದ ಊರಿನಲ್ಲಿ, ಹೇಗೆ ಒಬ್ಬಳೇ ಇದ್ದಾಳು ಎಂದು ಹೆದರಿಕೆಯೂ ಆಗುತ್ತಿತ್ತು.

ಕೆಲಸಕ್ಕೆ ಸೇರುವ ದಿನ ಹತ್ತಿರ ಬಂತು ಎನ್ನುವಾಗ ಮೇಲ್ವಿಚಾರಕಿ ಹೇಳಿಕಳಿಸಿದರು. ಚಿಂತಾಮಣಿಯಲ್ಲಿ ಕಡಲೆಕಾಯಿ ವ್ಯಾಪಾರ ಮಾಡುವ ಕೋನಪ್ಪ ಎಂಬುವವರ ಹೆಂಡತಿ ತೀರಿಕೊಂಡಿದ್ದಾರೆ, ಇಬ್ಬರು ಮಕ್ಕಳು, ಹೆಣ್ಣು ನೋಡಲು ಭಾನುವಾರ ನಿಮ್ಮಲ್ಲಿಗೇ ಬರುತ್ತಾರೆ, ಕದಿರಮ್ಮ ಒಪ್ಪಿದರೆ ಕೆಲಸದ ತಾಪತ್ರಯವೇ ಬೇಡ ಎಂದು.

ಒಪ್ಪಿದರೆ! ಆಗ್ಲಮ್ಮ ಎನ್ನುವುದೊಂದನ್ನು ಬಿಟ್ಟು ಬೇರೆ ಬಾರದವಳನ್ನು ಕೇಳುತ್ತಾರಂತೆ.

"ಏನೇ, ಮದುವೆ ಇಷ್ಟವಾ, ಕೆಲಸ ಇಷ್ಟವಾ?" ಎಂದೆ.

"ನೀವು ಹೇಳಿದ ಹಾಗೆ ಅಮ್ಮ."

ಬೇಡ ಅನ್ನು ಎಂದು ನಾಲಿಗೆಯ ತುದಿಗೆ ಬಂದಿತ್ತು. ತಡೆದೆ. "ನಾನು ಹೇಳಲ್ಲ ಕಣೇ. ಇವತ್ತು ನಾನು ಹೇಳಿದ್ದಕ್ಕೆ ಹೂಂ ಅಂತೀಯ, ನಾಳೆ ಇನ್ಯಾರೋ ಹೇಳಿದ್ದಕ್ಕೂ ಹೂಂ ಅಂತೀಯ. ನಿನ್ನ ಬಾಳು, ನೀನೇ ಹೇಳು." ಅವಳು ಸೆರಗಿನ ತುದಿ ಸುತ್ತುತ್ತ ನಿಂತಳು. ಮಾತನಾಡದೆ ಇರುವುದು ನನಗೆ ಎಷ್ಟು ಕಷ್ಟ ಎಂದು ನಮ್ಮ ಯಜಮಾನರನ್ನು ಕೇಳಬೇಕು.

ಭಾನುವಾರ ಕೋನಪ್ಪ ಬಂದರು, ಜೊತೆಗೆ ಅವರಕ್ಕ ಚಿಕ್ಕವೆಂಕಟಮ್ಮ. ಬಯ್ಯೋಣವೆಂದರೆ ಬಯ್ಯುವಂಥ ಮನುಷ್ಯನಲ್ಲ. ನಲವತ್ತು ದಾಟಿದ, ಸೋತ ಮುಖದ ಮನುಷ್ಯ. ಅಕ್ಕನದೇ ದರ್ಬಾರು. "ಪಿಲ್ಲ ಬಾಗುಂದಿರಾ ಕೋನಪ್ಪ, ಹುಡುಗಿ ಚೆನ್ನಾಗವ್ಳೆ" ಎಂದು ತೆಲುಗು ಬೆರೆಸಿ ಹೇಳಿದಳು, ಸಂತೆಯಲ್ಲಿ ಹಸು ನೋಡಿದ ಹಾಗೆ. ಕದಿರಮ್ಮನನ್ನು ಒಂದು ಮಾತು ಕೇಳಲಿಲ್ಲ. ಅವಳು ಕಾಫಿ ಕೊಟ್ಟು ಅಡುಗೆಮನೆ ಬಾಗಿಲಲ್ಲಿ ನಿಂತಳು. ಮನೆಗೆ ಹೋಗಿ ಯೋಚಿಸಿ ಹೇಳಿಕಳಿಸುತ್ತೇವೆ ಎಂದು ಇಬ್ಬರೂ ಎದ್ದಾಗ ನನಗೆ ಉಸಿರು ಬಂದಂತಾಯಿತು.

ಆಗ ನಮ್ಮ ಯಜಮಾನರು ಮಾಡಿದ ಕೆಲಸ ನೋಡಿ! ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದು ಎಂದು ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು, ಮೇಲೊಂದು ತೆಂಗಿನಕಾಯಿ ಇಟ್ಟು, ಎರಡೂ ಕೈಯಲ್ಲಿ ಹಿಡಿದು ಕೋನಪ್ಪನವರಿಗೆ ಕೊಟ್ಟುಬಿಟ್ಟರು. ಹೆಣ್ಣು ನೋಡಲು ಬಂದವರಿಗೆ ಹೆಣ್ಣಿನ ಕಡೆಯ ಗಂಡಸು ತಾಂಬೂಲ ಕೊಟ್ಟರೆ ಮಾತು ಕೊಟ್ಟ ಹಾಗೆ ಎಂದು ಹಾಲು ಕುಡಿಯುವ ಮಗುವಿಗೂ ಗೊತ್ತು. ಈ ಬಿ.ಎ. ಓದಿದ ಮಹಾನುಭಾವರಿಗೆ ಗೊತ್ತಾಗಲಿಲ್ಲ!

ಚಿಕ್ಕವೆಂಕಟಮ್ಮನ ಮುಖ ಅರಳಿತು. "ಮೇಷ್ಟ್ರು ಮಾತು ಕೊಟ್ಟೇಬಿಟ್ರಲ್ಲಪ್ಪ! ಆಗೋಯ್ತು ಬಿಡು. ಇನ್ನ ದಿನ ನೋಡ್ಸೋದೊಂದೇ."

ಇವರು ಬಾಯಿ ತೆರೆದರು. ಮಾತು ಹೊರಡಲಿಲ್ಲ. ಇಲ್ಲ ಎಂದು ಅಭ್ಯಾಸವಿದ್ದರೆ ತಾನೇ? ಕೊಟ್ಟ ತಾಂಬೂಲ ವಾಪಸ್ಸು ಕೇಳುವುದೆಂದರೆ ಅವಮಾನ. ನನ್ನ ಸುಡುಗಾಡು ಬಾಯಿ ಬೇಕಾದಾಗಲೇ ಕಟ್ಟಿಹೋಯಿತು.

ಕದಿರಮ್ಮ ಬಾಗಿಲು ಬಿಟ್ಟು ಬಂದಳು. ಕೋನಪ್ಪನವರ ಮುಂದೆ ನಿಂತು ಎರಡೂ ಕೈ ನೀಡಿದಳು. "ಅದನ್ನ ಇಲ್ಲಿ ಕೊಡಿ."

ಅವರು ಬೆಪ್ಪಾಗಿ ಕೊಟ್ಟರು.

"ಮೇಷ್ಟ್ರು ಮನೆಗೆ ಬಂದೋರು ಅಂತ ಮರ್ಯಾದೆಗೆ ಕೊಟ್ರು. ಮಾತು ಕೊಡ್ಬೇಕಾದೋಳು ನಾನು." ತಟ್ಟೆಯ ಮೇಲಿನ ಕಾಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಳು. "ನಂಗೆ ಬೇಡ. ನೀವು ಒಳ್ಳೇರೇ. ಆದ್ರೂ ಬೇಡ. ನಾನು ಕೆಲಸಕ್ಕೆ ಹೋಗ್ತೀನಿ."

"ಏನೇ ಇದು, ದಿಕ್ಕಿಲ್ಲದೋಳಿಗೆ ಇಷ್ಟು ಕೊಬ್ಬಾ?" ಎಂದು ಚಿಕ್ಕವೆಂಕಟಮ್ಮ ಏರಿ ಬಂದಳು. ಅಷ್ಟು ಹೊತ್ತಿಗೆ ನನ್ನ ಬಾಯಿ ಬಿಚ್ಚಿತು. "ದಿಕ್ಕಿಲ್ಲ ಅಂತ ಯಾರು ಹೇಳಿದ್ದು? ನಾನೇನು ಸತ್ತಿದೀನಾ?" ಎಂದೆ. ಮುಂದೆ ಏನೇನು ಬರುತ್ತಿತ್ತೋ, ಕೋನಪ್ಪನವರೇ ಅಕ್ಕನ ಕೈ ಹಿಡಿದರು. "ನಡಿಯಕ್ಕ ಹೋಗಣ. ಮನಸ್ಸಿಲ್ಲದೋರನ್ನ ಕರ್ಕೊಂಡೋಗಿ ಏನ್ ಮಾಡಣ?" ಕದಿರಮ್ಮನಿಗೆ ಕೈಮುಗಿದು ಹೋದರು. ದೇವರು ಅವರನ್ನು ಚೆನ್ನಾಗಿಟ್ಟಿರಲಿ.

ನಾನು ನಿಂತಲ್ಲೇ ಕುಸಿದು ಕೂತು ನಕ್ಕೆ. ಎಷ್ಟು ದಿನದಿಂದ ಎದೆಯ ಮೇಲೆ ಕೂತಿದ್ದ ಭಾರ! ಅವಳೂ ನಕ್ಕಳು. ಇವರು ಮಾತ್ರ ಒಂದು ಲೋಟ ನೀರು ಕುಡಿದು, "ನಾನೇನು ತಪ್ಪು ಮಾಡಿದೆ?" ಎಂದು ಕೇಳಿದರು.

ಶಿಶುವಿಹಾರ ಶುರುವಾಗುವ ಹಿಂದಿನ ದಿನ ಮೂವರೂ ಬಸ್‌ಸ್ಟ್ಯಾಂಡಿಗೆ ಹೋದೆವು. ಅವಳದೊಂದು ಟ್ರಂಕು, ನನ್ನದೊಂದು ಕೈಚೀಲ. ಪೆರೇಸಂದ್ರದಲ್ಲಿ ಅಕ್ಕಯಮ್ಮ ಎಂಬ ಮುದುಕಿಯ ಮನೆಯ ಹೊರಕೋಣೆ ಗೊತ್ತುಮಾಡಿದ್ದೆವು. ಮೊದಲ ವಾರ ನಾನೂ ಅಲ್ಲಿದ್ದು ಒಲೆ ಹೂಡಿ, ಅಕ್ಕಪಕ್ಕದವರಿಗೆ ನಾಲ್ಕು ಮಾತು ಹೇಳಿ ಬರುವುದೆಂದು ನಾನೇ ತೀರ್ಮಾನಿಸಿದ್ದೆ. ಬಸ್ಸು ಬಂತು. ಹತ್ತಲು ಹೋದೆ.

ಕದಿರಮ್ಮ ನನ್ನ ಚೀಲ ಹಿಡಿದಳು. "ಬೇಡಮ್ಮ."

"ಏನು ಬೇಡ?"

"ನೀವು ಬರೋದು ಬೇಡ. ನೀವಿದ್ರೆ ಎಲ್ಲಾ ನಿಮ್ಮನ್ನೇ ಕೇಳ್ತೀನಿ." ಚೀಲ ತೆಗೆದು ನಮ್ಮ ಯಜಮಾನರ ಕೈಗೆ ಕೊಟ್ಟಳು. ಬಸ್ಸು ಹತ್ತಿ ಕಿಟಕಿಯಿಂದ ತಲೆ ಹಾಕಿದಳು. "ಗೌರಿ ಹಬ್ಬಕ್ಕೆ ಬರ್ತೀನಿ. ನಂಗೊಂದು ಹಸಿರು ಸೀರೆ ತೆಗೆದಿಡಿ. ಅಂಚು ದೊಡ್ಡದಿರ್ಬೇಕು."

ಬಸ್ಸು ಹೋಯಿತು. ನೋಡಿದಿರಾ, ನನಗೇ ಬೇಡ ಅಂದಳು! ಕೋಪ ಬಂತು, ಅಳುವೂ ಬಂತು, ನಡುಬೀದಿಯಲ್ಲಿ ನಿಂತು ಅತ್ತೆ. ಇನ್ನು ಅವಳ ಬಗ್ಗೆ ಹೆದರಬೇಕಾದ್ದಿಲ್ಲ ಎಂದು ನೆಮ್ಮದಿಯಾಗಿ ಅತ್ತೆ.

"ನಡೀರಿ, ಬಟ್ಟೆ ಅಂಗಡಿಗೆ ಹೋಗಣ" ಎಂದೆ.

"ಹಬ್ಬಕ್ಕಿನ್ನೂ ತಿಂಗಳುಗಟ್ಟಲೆ ಇದೆಯಲ್ಲೇ" ಎಂದರು.

"ಮನೆ ಮಗಳು ಬಾಯಿಬಿಟ್ಟು ಕೇಳಿದಾಳೆ" ಎಂದು ಮುಂದೆ ನಡೆದೆ.