ಡೋಲು ಸಿಯಾಮಿಯ ಮನೆಗೂ ಬಂತು

ಮಿಜೋರಾಮಿನ ನಮ್ಮ ಚಂಪಾಯ್ ಕಡೆ ಯಾರ ಮನೆಯಲ್ಲಾದರೂ ಸಾವಾದರೆ ಕೇರಿಗೆ ಕೇರಿಯೇ ಹೋಗಿ ಕೂರುತ್ತದೆ. ಸಂಜೆ ಸಂಜೆ ಡೋಲು ಬಾರಿಸಿ ಹಾಡುತ್ತದೆ. ಅಳುವವರನ್ನು ನಾವು ಒಂಟಿಯಾಗಿ ಬಿಡುವವರಲ್ಲ. ಆದರೆ ಸಿಯಾಮಿಯ ಗಂಡ ಸಾಯಲಿಲ್ಲ. "ನಿನ್ನನ್ನ ಬಿಟ್ಟೆ" ಎಂದು ಒಂದೇ ಮಾತು ಹೇಳಿ ಇನ್ನೊಬ್ಬಳ ಜೊತೆ ಹೋದ. ಅದಕ್ಕೆ ಹಾಡುವ ಪದ್ಧತಿ ನಮ್ಮಲ್ಲಿಲ್ಲ. ಯಾರೂ ಹೋಗಲಿಲ್ಲ. ಎದುರು ಮನೆಯ ನಾನೂ ಹೋಗಲಿಲ್ಲ, ಸುಳ್ಳೇಕೆ ಹೇಳಲಿ.

ಮೂರು ವಾರ ಕಳೆಯಿತು. ಚರ್ಚಿನ ಹಾಡುಗಾರರ ಸಾಲಿನಲ್ಲಿ ಅವಳ ಜಾಗ ಖಾಲಿ. ನೇಯುವಾಗ ಸೊಂಟಕ್ಕೆ ಕಟ್ಟುವ ಪಟ್ಟಿ ಮೊಳೆಯಲ್ಲೇ ನೇತಾಡುತ್ತಿತ್ತು. ಒಂದು ದಿನ ಅವಳು ಆರೋಗ್ಯ ಕಾರ್ಯಕರ್ತೆ ಡಿಂಗಿಯ ಮುಂದೆ, ಬದುಕುವುದೇ ಬೇಡ ಅನ್ನಿಸುತ್ತಿದೆ ಎಂದಳಂತೆ. ಡಿಂಗಿ ಅಂದೇ ಅವಳನ್ನು ಡಾಕ್ಟರ ಬಳಿ ಕರೆದೊಯ್ದಳು. ಔಷಧಿ ಶುರುವಾಯಿತು. ಔಷಧಿ ಅರ್ಧ, ಜನ ಅರ್ಧ ಅನ್ನುವುದು ಡಿಂಗಿಯ ಲೆಕ್ಕ.

ಸಿಯಾಮಿ ಮೊಬೈಲಿನಲ್ಲಿ ಒಂದೇ ಹಾಡು ಕೇಳುತ್ತಿದ್ದಳು. ಬಿದ್ದವಳೂ ದೇವರ ಮಗಳೇ ಎಂಬ ಗಿಟಾರಿನ ಹಾಡು. ನಮ್ಮ ಬಾಡಿಗೆ ಜೀಪುಗಳಲ್ಲೆಲ್ಲ ಅದೇ. ಅವಳ ತಾಯಿ ಪಿ ತಾಂಗಿಗೆ (ಹಿರಿಯ ಹೆಂಗಸರನ್ನು ನಾವು ಪಿ ಅನ್ನುತ್ತೇವೆ) ಅದನ್ನು ಕಂಡರಾಗದು.

"ದುಃಖದಲ್ಲಿ ಗಿಟಾರೇನೇ? ಸುಮ್ನೆ ಪ್ರಾರ್ಥನೆ ಮಾಡು. ದೇವರನ್ನ ಪ್ರಶ್ನೆ ಮಾಡಬಾರದು."

ಸಿಯಾಮಿಯನ್ನು ನೋಡಲು ಬಂದಿದ್ದ ಡಿಂಗಿ ಬೈಬಲಿನ ಕೀರ್ತನೆಗಳ ಪುಟ ತೆರೆದು ಮುದುಕಿಯ ತೊಡೆಯ ಮೇಲಿಟ್ಟಳು. "ಇಲ್ಲಿ ಓದಿ, ಪಿ ತಾಂಗಿ. ರಾಜನೇ ದೇವರ ಜೊತೆ ಜಗಳಕ್ಕೆ ನಿಂತಿದಾನೆ, ಎಲ್ಲಿ ಹೋದೆ ಅಂತ. ಅವನ ಮಾತನ್ನ ಅಳಿಸಿ ಹಾಕಿದ್ರಾ? ಹಾಡು ಮಾಡಿ ಇಟ್ಕೊಂಡ್ರು."

ಪಿ ತಾಂಗಿ ಬೆರಳಿಟ್ಟು ಓದಿದಳು, ಎರಡು ಸಲ.

ಆಗ ಸಿಯಾಮಿ ಬಾಯಿಬಿಟ್ಟಳು. "ಅಮ್ಮಾ, ಗಂಡ ಸತ್ತಿಲ್ಲ, ಸಂಸಾರ ಸತ್ತಿದೆ. ನನಗೂ ಡೋಲು ಬೇಕು."

"ಜನ ನಗ್ತಾರೆ."

"ನಗಲಿ. ನಗೋಕಾದ್ರೂ ಬರ್ತಾರಲ್ಲ."

ಆ ಮಾತು ತಾಯಿಗೆ ನಾಟಿತು. ಪಿ ತಾಂಗಿ ನೆಟ್ಟಗೆ ಚರ್ಚಿಗೆ ಹೋಗಿ ಡೋಲು ಕೇಳಿದಳು. ಬಿಟ್ಟುಹೋದವನಿಗೆಲ್ಲ ಡೋಲು ಕೊಡುವ ಪದ್ಧತಿ ಇರಲಿಲ್ಲವಲ್ಲ ಎಂದು ಹಿರಿಯರು ರಾಗ ಎಳೆದರು.

"ಇರಲಿಲ್ಲ. ಇವತ್ತಿಂದ ಇದೆ," ಅಂದಳು ಮುದುಕಿ, ಕೊಡುವ ತನಕ ಮೆಟ್ಟಿಲು ಬಿಟ್ಟು ಏಳಲಿಲ್ಲ.

ಬೆನ್ನ ಮೇಲೆ ಡೋಲು ಹೊತ್ತು ಅವಳು ಏರು ಹತ್ತುವುದನ್ನು ಕಂಡು ನನಗೆ ನಾಚಿಕೆಯಾಯಿತು. ಹೆಚ್ಚುತ್ತಿದ್ದ ಸಾಸಿವೆ ಸೊಪ್ಪು ಬಿಟ್ಟು ಎದ್ದೆ. ನನ್ನ ಹಿಂದೆ ಹತ್ತು ಜನ ಬಂದರು. ಯಾರೂ ನಗಲಿಲ್ಲ. ರಾಜನ ಜಗಳವನ್ನು ಓದಿದೆವು, ಗಿಟಾರಿನ ಹಾಡನ್ನು ಡೋಲಿಗೆ ಹಾಡಿದೆವು. ಎರಡನೇ ಚರಣಕ್ಕೆ ಸಿಯಾಮಿಯ ದನಿ ಎದ್ದಿತು, ಒಡಕು ದನಿ, ನಮ್ಮೆಲ್ಲರಿಗಿಂತ ಜೋರು. ಕಪ್ಪು ಚಹಾ ಕೊಟ್ಟಾಗ ಬೆಲ್ಲ ಕಚ್ಚಿಕೊಂಡು ಪೂರ್ತಿ ಕುಡಿದಳು. ಮಾರನೇ ವಾರ ಮಗ್ಗದ ಸದ್ದು ಕೇಳಿಸಿತು. ಔಷಧಿಯನ್ನೂ ಬಿಟ್ಟಿಲ್ಲ.

ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಕೇರಿಯಲ್ಲೂ ಸಾವಿಲ್ಲದೆ ಸೂತಕ ಹೊತ್ತ ಮನೆ ಇದ್ದೀತು. ಅದು ನಿಮ್ಮದೇ ಆದರೆ ಬಾಗಿಲು ತೆರೆದು ಜನರನ್ನು ಕರೆಯಿರಿ, ಡಾಕ್ಟರನ್ನೂ ಕಾಣಿರಿ. ನಿಮಗೆ ಬಲ ಕೊಡುವ ಗ್ರಂಥ ಓದಿ, ನಿಮಗೆ ಬೇಕಾದ ಹಾಡು ಹಾಡಿ. ಪಕ್ಕದ ಮನೆಯದಾದರೆ ಇವತ್ತೇ ಹೋಗಿ. ನಾನು ಮೂರು ವಾರ ತಡ ಮಾಡಿದೆ. ಆ ಮೂರು ವಾರ ಅವಳು ಸಾವಿನ ಜೊತೆ ಒಬ್ಬಳೇ ಕೂತಿದ್ದಳು.